ಸ್ಪಂದನವನ್ನು ಉತ್ತರವೆನ್ನಬೇಡಿ

ಎರಡು ಬೆರಳುಗಳನ್ನು ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ನೇರಕ್ಕೆ ಇಟ್ಟು ನೋಡಿ. ಸಿಕ್ಕಿತೇ? ಅದು ಮಿಡಿತ. ಅಂಗೈಯನ್ನು ಎದೆಗೆ ಒತ್ತಿದಾಗ ತಿಳಿಯುವುದು ಬಡಿತ. ಡೋಲು ಬಡಿಯುತ್ತೇವೆ, ತಂತಿ ಮಿಡಿಯುತ್ತೇವೆ. ಎದೆಗೆ ಡೋಲಿನ ಮಾತು, ನಾಡಿಗೆ ತಂತಿಯ ಮಾತು. ಇದು ಬರಿಯ ಅಲಂಕಾರವೆಂದು ನನಗೆ ಅನ್ನಿಸುವುದಿಲ್ಲ. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ಕಾಯಿಲೆಯಲ್ಲಿ, ಸ್ಟೆತೊಸ್ಕೋಪ್ ಇಟ್ಟು ಎಣಿಸಿದ ಬಡಿತಕ್ಕಿಂತ ಮಣಿಕಟ್ಟಿನ ಮಿಡಿತ ಕಡಿಮೆ ಇರಬಹುದು. ಕೆಲವು ಬಡಿತಗಳಿಗೆ ಕೈಯವರೆಗೆ ಮುಟ್ಟುವಷ್ಟು ಬಲವಿರುವುದಿಲ್ಲ. ಎರಡು ಪದಗಳು ನಮಗೆ ನಿಜವಾಗಿಯೂ ಬೇಕು.

ನನ್ನನ್ನು ನೋಯಿಸುವುದು ಮೂರನೆಯ ಪದದ ಪಾಡು: ಸ್ಪಂದನ. ಮನವಿಗೆ ಅಧಿಕಾರಿಗಳು ಸ್ಪಂದಿಸಿದರು, ಕರೆಗೆ ಜನ ಸ್ಪಂದಿಸಲಿಲ್ಲ ಎಂದು ದಿನವೂ ಓದುತ್ತೇವೆ. ಪದವನ್ನು ಉತ್ತರ ಕೊಡುವ ಕೆಲಸಕ್ಕೆ ಹಚ್ಚಿಬಿಟ್ಟಿದ್ದೇವೆ. ಕ್ರಿಯಾಪದಗಳ ಬೇರುಗಳನ್ನು ಅರ್ಥಸಹಿತ ಪಟ್ಟಿಮಾಡುವ ಸಂಸ್ಕೃತದ ಧಾತುಪಾಠ ಇದರ ಬೇರಿಗೆ ಹೇಳುವ ಅರ್ಥ ‘ಕಿಂಚಿತ್ ಚಲನ’, ತುಸುವೇ ಅಲುಗುವುದು. ಅಲ್ಲಿ ಮನವಿಯೂ ಇಲ್ಲ, ಮರುಮಾತೂ ಇಲ್ಲ.

ಹೃದಯವಾದರೂ ಯಾರ ಕರೆಗೆ ಕಾದಿದೆ? ಅದರ ಬಲ ಮೇಲ್ಕೋಣೆಯ ಗೋಡೆಯಲ್ಲಿ ಸೈನಸ್ ಗಂಟು ಎಂಬ ಪುಟ್ಟ ಕೋಶಗಳ ಗುಂಪಿದೆ. ಮಿದುಳಿನ ಅಪ್ಪಣೆಯನ್ನೂ ಕೇಳದೆ ಅದು ತಾನೇ ವಿದ್ಯುತ್ ತರಂಗ ಹುಟ್ಟಿಸುತ್ತದೆ. ನರಗಳು ವೇಗವನ್ನು ಏರಿಸುತ್ತವೆ, ಇಳಿಸುತ್ತವೆ, ಅಷ್ಟೇ. ಕಸಿ ಮಾಡುವಾಗ ಆ ನರಗಳನ್ನೆಲ್ಲ ಕತ್ತರಿಸಿರುತ್ತಾರೆ. ಆದರೂ ಹೃದಯ ಇನ್ನೊಬ್ಬರ ಎದೆಯಲ್ಲಿ ಮತ್ತೆ ಬಡಿಯತೊಡಗುತ್ತದೆ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ನಿಮಿಷಕ್ಕೆ 60ರಿಂದ 100, ದಿನಕ್ಕೆ ಸುಮಾರು 1 ಲಕ್ಷ ಬಾರಿ ನಡೆಯುವ ಈ ಅಲುಗಾಟವನ್ನು ‘ಪ್ರತಿಕ್ರಿಯೆ’ ಎನ್ನಲು ಬರುವುದೇ?

ಪದಗಳ ಅರ್ಥ ಹಿಗ್ಗುತ್ತದೆ, ಗೊತ್ತು. ‘ನೋವಿಗೆ ಸ್ಪಂದಿಸು’ ಎಂದವರು ಮೊದಲಿಗೆ ಚೆನ್ನಾಗಿಯೇ ಹಿಗ್ಗಿಸಿದ್ದರು: ಬೇರೆಯವರ ಸಂಕಟ ಕಂಡು, ಯಾರೂ ಕೇಳದೆಯೇ, ಒಳಗೇನೋ ಅಲುಗಿತು ಎಂದು. ಆ ಬಳಕೆ ಇರಲಿ, ನನಗೂ ಬೇಕು. ಕಡತಕ್ಕೆ ಸಹಿ ಬಿದ್ದದ್ದಕ್ಕೆ, ಫೋನ್ ಎತ್ತಿದ್ದಕ್ಕೆ ಉತ್ತರ ಇದೆ, ಪ್ರತಿಕ್ರಿಯೆ ಇದೆ, ಓಗೊಡುವುದು ಎಂಬ ಸೊಗಸಾದ ಕನ್ನಡವೇ ಇದೆ. ಮುಂದಿನ ಸಲ ಸುದ್ದಿ ಬರೆಯುವಾಗ ಅವುಗಳಲ್ಲಿ ಒಂದನ್ನು ಬಳಸಿ ಎಂದು ಕೇಳಿಕೊಳ್ಳುತ್ತೇನೆ.