ಬರಕ್ಕೆ ಜಗ್ಗದ ಗಿಡ ಆರಿಸುವಾಗ

ಕೇಳುಗರಿಗೆ ನಮಸ್ಕಾರ.

ನೀರು ಕಡಿಮೆ ಸಾಕು ಎನ್ನುವ ಗಿಡ ಕೇಳಿದರೆ ನರ್ಸರಿಯವರು ಮೊದಲು ತೋರಿಸುವುದು ಕಾಗದದ ಹೂವು, ಇಲ್ಲವೇ ನಿತ್ಯಪುಷ್ಪ. ಎರಡೂ ಬಿಸಿಲಿಗೆ ಗಟ್ಟಿ, ಸುಳ್ಳಲ್ಲ. ಆದರೆ ಮೊದಲನೆಯದು ದಕ್ಷಿಣ ಅಮೆರಿಕದಿಂದ ಬಂದದ್ದು, ಎರಡನೆಯದು ಮಡಗಾಸ್ಕರಿನದು. ಬರ ತಡೆಯುವ ಗಿಡವೆಲ್ಲ ನಮ್ಮ ನೆಲದ ಗಿಡವಲ್ಲ. ಬಳ್ಳಾರಿ ಜಾಲಿ, ಲಾಂಟಾನ ಕೂಡ ಬರ ತಡೆಯುತ್ತವೆ. ಒಮ್ಮೆ ಬೇರೂರಿದರೆ ಕಿತ್ತು ಮುಗಿಯುವುದಿಲ್ಲ.

ನಮ್ಮ ಒಣಭೂಮಿಯ ಪೊದೆಗಳನ್ನೇ ನೋಡಿ. ಹಳದಿ ಹೂವಿನ ತಂಗಡಿ, ಬೇಲಿಗೆ ಬಂದರಿಕೆ, ನೀಲಿ ತೆನೆಯ ಲಕ್ಕಿ, ಮುಳ್ಳಿನ ಕವಳಿ. ಬಂದರಿಕೆಯ ಎಲೆ ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಆ ಅಂಟಿನ ಲೇಪ ಎಲೆಯಿಂದ ನೀರು ಆರಿಹೋಗುವುದನ್ನು ತಗ್ಗಿಸುತ್ತದೆ. ಲಕ್ಕಿ ಎಲೆಯ ಅಡಿಯಲ್ಲಿ ಬೂದುಬಣ್ಣದ ಸಣ್ಣ ರೋಮ, ಅದರ ಕೆಲಸವೂ ಅದೇ. ಮುತ್ತುಗದ ಉಪಾಯ ಬೇರೆ: ಬೇಸಿಗೆಗೆ ಮುಂಚೆಯೇ ಎಲೆ ಉದುರಿಸಿ ಬೋಳಾಗುತ್ತದೆ. ಸತ್ತಿತೆಂದು ಅದನ್ನು ಕಡಿದವರಿದ್ದಾರೆ. ಅನುಮಾನವಿದ್ದರೆ ತೊಗಟೆಯನ್ನು ಉಗುರಿನಿಂದ ಕೆರೆಯಿರಿ, ಒಳಗೆ ಹಸಿರಿದ್ದರೆ ಜೀವವಿದೆ.

ಸಸಿ ಕೊಳ್ಳುವಾಗ ಎತ್ತರಕ್ಕೆ ಮರುಳಾಗಬೇಡಿ. ಒಂದರಿಂದ ಒಂದೂವರೆ ಅಡಿಯ ಸಸಿ, ಆಳೆತ್ತರದ ಸಸಿಗಿಂತ ಬೇಗ ನೆಲ ಹಿಡಿಯುತ್ತದೆ. ದೊಡ್ಡದಕ್ಕೆ ಎಲೆ ಹೆಚ್ಚು, ಚೀಲದಲ್ಲಿ ಬೇರಿಗೆ ಜಾಗ ಕಡಿಮೆ. ಚೀಲದ ತಳ ನೋಡಿ. ದಪ್ಪ ಬೇರು ಹೊರಬಂದು ನೆಲಕ್ಕಿಳಿದಿದ್ದರೆ ಆ ಸಸಿ ಬಿಡಿ, ಎತ್ತುವಾಗ ತಾಯಿಬೇರು ಕಡಿದುಹೋಗುತ್ತದೆ. ಸಣ್ಣ ಬೇರುಗಳು ಸುರುಳಿ ಸುತ್ತಿದ್ದರೆ ಚೀಲ ತೆಗೆದ ಮೇಲೆ ಮಣ್ಣಿನ ಗಡ್ಡೆಯ ಮೂರು ಕಡೆ ಮೇಲಿಂದ ಕೆಳಕ್ಕೆ ಒಂದು ಸೆಂಟಿಮೀಟರ್ ಆಳ ಬ್ಲೇಡಿನಿಂದ ಗೀರಿ. ಹಾಗೇ ನೆಟ್ಟರೆ ಆ ಸುರುಳಿ ನೆಲದಲ್ಲೂ ಬಿಚ್ಚುವುದಿಲ್ಲ, ನಾಲ್ಕೈದು ವರ್ಷದ ಗಿಡ ಜೋರು ಗಾಳಿಗೆ ವಾಲುತ್ತದೆ.

ತಂಗಡಿಯನ್ನು ಬೀಜದಿಂದಲೂ ಎಬ್ಬಿಸಬಹುದು. ಬೀಜದ ಸಿಪ್ಪೆ ಗಟ್ಟಿ. ನೀರು ಕುದಿಸಿ, ಒಲೆಯಿಂದ ಇಳಿಸಿ, ಬೀಜ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಉಬ್ಬಿದ್ದನ್ನು ಬಿತ್ತಿ, ಉಬ್ಬದ್ದಕ್ಕೆ ಇನ್ನೊಮ್ಮೆ ಹಾಗೇ ಮಾಡಿ. ಲಕ್ಕಿಗೆ ಇಷ್ಟು ಉಪಚಾರ ಬೇಡ, ಬಲಿತ ಕಡ್ಡಿ ಊರಿದರೆ ಚಿಗುರುತ್ತದೆ.

ನೆಡುವ ಮುಂಚೆ ಒಂದಡಿ ಗುಂಡಿ ತೋಡಿ ನೀರು ತುಂಬಿಸಿ. ಇಂಗಿದ ಮೇಲೆ ಮತ್ತೆ ತುಂಬಿಸಿ. ಮಾರನೇ ದಿನವೂ ನೀರು ನಿಂತಿದ್ದರೆ ಅಲ್ಲಿ ಈ ಗಿಡಗಳು ಬದುಕುವುದು ಕಷ್ಟ. ಒಂದಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು. ಬರ ತಡೆಯುವ ಗಿಡಗಳು ಮನೆಗಳಲ್ಲಿ ಸಾಯುವುದು ಬಾಯಾರಿಕೆಯಿಂದಲ್ಲ, ಹೆಚ್ಚಾಗಿ ಬೇರು ಕೊಳೆತು.

ಪೊದೆಗೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ಸಾಕು. ತೆಗೆದ ಮಣ್ಣನ್ನೇ ತುಂಬಿ, ನಾಲ್ಕು ಪಾಲಿಗೆ ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ, ಅದಕ್ಕಿಂತ ಹೆಚ್ಚು ಬೇಡ. ಗುಂಡಿಯಲ್ಲೇ ಸುಖ ಸಿಕ್ಕರೆ ಬೇರು ಆಚೆ ಹೋಗುವುದಿಲ್ಲ. ಎರಡು ಮೂರು ಇಂಚು ದಪ್ಪ ಒಣಎಲೆ ಹಾಸಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ಮೊದಲ ಮಳೆ ಬಿದ್ದು ನೆಲ ನೆನೆದ ಮೇಲೆ ನೆಟ್ಟರೆ, ಬೇಸಿಗೆಯೊಳಗೆ ಬೇರಿಗೆ ಹಲವು ತಿಂಗಳು ಸಿಗುತ್ತದೆ.

ಇನ್ನು ನೀರು. ಬರ ತಡೆಯುವ ಶಕ್ತಿ ನೆಟ್ಟ ದಿನ ಬರುವುದಿಲ್ಲ, ಬೇರು ಆಳಕ್ಕಿಳಿದ ಮೇಲೆ ಬರುತ್ತದೆ. ಮಳೆಯಿಲ್ಲದಿದ್ದರೆ ಮೊದಲ ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೊಮ್ಮೆ, ಪ್ರತಿ ಸಲವೂ ಪೊದೆಗೆ ಸುಮಾರು ಹತ್ತು ಲೀಟರ್ ನಿಧಾನವಾಗಿ ಬಿಡಿ. ಎರಡನೇ ಬೇಸಿಗೆಗೆ ಹದಿನೈದು ದಿನಕ್ಕೊಮ್ಮೆ ಸಾಕು. ದಿನಾ ಒಂದು ಚೊಂಬು ಹಾಕುವ ಅಭ್ಯಾಸ ಬಿಡಿ. ಅದರಿಂದ ಬೇರು ಮೇಲ್ಪದರದಲ್ಲೇ ಉಳಿಯುತ್ತದೆ, ನಾಲ್ಕು ದಿನ ಊರಿಗೆ ಹೋಗಿಬರುವಷ್ಟರಲ್ಲಿ ಗಿಡ ಬಾಡುತ್ತದೆ. ಹುಲ್ಲುಹಾಸಿನ ಪಕ್ಕ ತಂಗಡಿ ನೆಡುವುದೂ ಬೇಡ. ಒಂದಕ್ಕೆ ಹಾಕಿದ ನೀರು ಇನ್ನೊಂದಕ್ಕೆ ಹೆಚ್ಚಾಗುತ್ತದೆ.

ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆಗೆ ನೆಟ್ಟಗಾದರೆ ನೀರು ಹಾಕಬೇಡಿ. ಬೆಳಿಗ್ಗೆಯೂ ಜೋತಿದ್ದರೆ ಗೇಣುದ್ದದ ಕಡ್ಡಿ ಚುಚ್ಚಿ ನೋಡಿ. ಒಣಗಿಯೇ ಬಂದರೆ ನೀರು ಕೊಡಿ. ಹಸಿಮಣ್ಣು ಮೆತ್ತಿ ಬಂದರೆ ಬೇರಿಗೆ ಉಸಿರು ಕಟ್ಟಿದೆ ಎಂದರ್ಥ. ಆಗ ನೀರು ನಿಲ್ಲಿಸಿ, ಎಲೆಯ ಹಾಸು ಸರಿಸಿ, ನೆಲ ಆರಲು ಬಿಡಿ.

ನಮಸ್ಕಾರ.