ಕೋಚ್ ಕಣ್ಣು ಯಾರ ಮೇಲೆ ನಿಲ್ಲುತ್ತದೆ?

ಕೋಚ್ ಗೆಳೆಯರೇ,

ಉದ್ದ ಜಿಗಿತದ ಅಭ್ಯಾಸ ನಡೆಯುತ್ತಿದೆ ಅಂದುಕೊಳ್ಳಿ. ಒಬ್ಬಳ ಹಿಂದೆ ಒಬ್ಬಳಂತೆ ಇಬ್ಬರು ಹುಡುಗಿಯರು ಓಡಿ ಬರುತ್ತಾರೆ. ತಪ್ಪು ಒಂದೇ: 20 ಸೆಂಟಿಮೀಟರ್ ಅಗಲದ ಹಲಗೆ ತಲುಪುವ ಮೊದಲೇ ಕಾಲೂರಿ ಜಿಗಿದುಬಿಡುತ್ತಾರೆ. ಮೊದಲನೆಯವಳನ್ನು ಕೋಚ್ ಕರೆದು ನಿಲ್ಲಿಸಿಕೊಳ್ಳುತ್ತಾರೆ. "ಕೊನೆಯ ಮೂರು ಹೆಜ್ಜೆ ಚಿಕ್ಕದಾಯ್ತು ನೋಡು. ಇನ್ನೊಂದು ಸಲ ಬಾ, ಆ ಮೂರು ಹೆಜ್ಜೆ ನಾನು ನೋಡ್ತೀನಿ." ಎರಡನೆಯವಳಿಗೆ ಸಿಗುವುದು ಇಷ್ಟೇ: "ಪರವಾಗಿಲ್ಲಮ್ಮ, ಮುಂದಿನವರು ಬನ್ನಿ."

ಈ 'ಪರವಾಗಿಲ್ಲ'ದಲ್ಲಿ ಬೈಗುಳವಿಲ್ಲ, ದನಿಯೂ ಮೆತ್ತಗಿದೆ. ಆದರೂ ಬೈಗುಳಕ್ಕಿಂತ ಇದೇ ಹೆಚ್ಚು ಹಾನಿ ಮಾಡುತ್ತದೆ ಎಂದು ನಾನು ನಂಬಿದ್ದೇನೆ. ತಿದ್ದುವುದಕ್ಕೂ ಒಂದು ನಂಬಿಕೆ ಬೇಕು. ಇವಳಿಂದ ಆಗುತ್ತದೆ ಅನ್ನಿಸಿದಾಗ ಮಾತ್ರ ನಾವು ಕೂತು ತಿದ್ದುತ್ತೇವೆ. ಹುಡುಗಿಗೆ ಇದು ತಿಳಿಯುವುದಿಲ್ಲ ಅಂದುಕೊಳ್ಳಬೇಡಿ. ನಾಲ್ಕು ವಾರದಲ್ಲಿ ಮೊದಲನೆಯವಳ ಹೆಜ್ಜೆ ಕೂಡಿಬರುತ್ತದೆ, ಎರಡನೆಯವಳದ್ದು ಹಾಗೇ ಉಳಿಯುತ್ತದೆ. ಆಗ ಕೋಚ್, "ನಾನು ಮೊದಲೇ ಹೇಳಿರಲಿಲ್ವಾ?" ಅನ್ನುತ್ತಾರೆ.

ತಾನು ನಂಬಿದ್ದನ್ನು ತಾನೇ ನಿಜ ಮಾಡಿಕೊಳ್ಳುವ ಈ ಸುಳಿಗೆ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1948ರಲ್ಲೇ ಒಂದು ಹೆಸರು ಕೊಟ್ಟರು: 'ತನ್ನನ್ನು ತಾನೇ ನಿಜವಾಗಿಸಿಕೊಳ್ಳುವ ಭವಿಷ್ಯವಾಣಿ'. 1968ರಲ್ಲಿ ಅಮೆರಿಕದ ಸಂಶೋಧಕರಾದ ರೋಸೆಂಥಾಲ್ ಮತ್ತು ಜೇಕಬ್ಸನ್ ಶಾಲೆಯೊಂದರ ಪ್ರಯೋಗವನ್ನು ಪ್ರಕಟಿಸಿದರು. ಚೀಟಿ ಎತ್ತಿದ ಹಾಗೆ ಆರಿಸಿದ ಕೆಲವು ಮಕ್ಕಳನ್ನು, "ಇವರು ಈ ವರ್ಷ ಅರಳುತ್ತಾರೆ" ಎಂದು ಶಿಕ್ಷಕರಿಗೆ ಹೇಳಲಾಗಿತ್ತು. ಒಂದು, ಎರಡನೇ ತರಗತಿಗಳಲ್ಲಿ ಅಂಥ ಮಕ್ಕಳ ಬುದ್ಧಿಮತ್ತೆಯ ಅಂಕ ಉಳಿದವರಿಗಿಂತ ಹೆಚ್ಚು ಏರಿತು. ಆ ಪ್ರಯೋಗದ ಮೇಲೆ ವಾದಗಳಾಗಿವೆ, ಪರಿಣಾಮ ಅಷ್ಟು ದೊಡ್ಡದಲ್ಲ ಎಂದವರೂ ಇದ್ದಾರೆ. ಆದರೆ ತರಗತಿಯಲ್ಲಿ ವರ್ಷಕ್ಕೊಮ್ಮೆ ಶಿಕ್ಷಕರು ಬದಲಾಗುತ್ತಾರೆ. ಮೈದಾನದಲ್ಲಿ ಒಬ್ಬರೇ ಕೋಚ್ ಕೈಯಲ್ಲಿ ಐದಾರು ವರ್ಷ ಕಳೆಯುವ ಮಕ್ಕಳಿದ್ದಾರೆ.

ಮೊದಲ ಅಂದಾಜು ಎಲ್ಲಿಂದ ಬರುತ್ತದೆ? ಬಹಳ ಸಲ ಮೈಕಟ್ಟಿನಿಂದ. ಕೆನಡಾದ ಐಸ್ ಹಾಕಿಯಲ್ಲಿ ವಯೋಮಿತಿ ಲೆಕ್ಕ ಜನವರಿ 1ರಿಂದ. 1985ರಲ್ಲಿ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು ಅಲ್ಲಿನ ಆಟಗಾರರ ಹುಟ್ಟಿದ ತಿಂಗಳು ನೋಡಿದರೆ, ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು. ಹತ್ತು ವರ್ಷದ ಮಕ್ಕಳಲ್ಲಿ ಜನವರಿಯವನಿಗೂ ಡಿಸೆಂಬರಿನವನಿಗೂ ಹತ್ತಿರ ಹತ್ತಿರ ಒಂದು ವರ್ಷದ ಅಂತರ. ನಾವು ಪ್ರತಿಭೆ ಅಂದುಕೊಂಡದ್ದು ಎಷ್ಟೋ ಸಲ ಬರೀ ಹನ್ನೊಂದು ತಿಂಗಳ ಬೆಳವಣಿಗೆ! ತಡವಾಗಿ ಬೆಳೆಯುವ ಮಗು ಅಷ್ಟರಲ್ಲಿ ಬೆಂಚಿನಲ್ಲಿ ಕೂತು ಕೂತು ಆಟವನ್ನೇ ಬಿಟ್ಟಿರುತ್ತದೆ.

ಅಂದಾಜು ಮಾಡುವುದೇ ತಪ್ಪು ಅನ್ನುತ್ತಿಲ್ಲ. ಅದಿಲ್ಲದೆ ತಂಡ ಆರಿಸಲಾಗದು. ಜೂನ್ ತಿಂಗಳ ಅಂದಾಜನ್ನು ಡಿಸೆಂಬರಿನಲ್ಲೂ ಹಾಗೇ ಇಟ್ಟುಕೊಳ್ಳುವುದು ತಪ್ಪು.

"ನಾನು ಎಲ್ಲರನ್ನೂ ಒಂದೇ ಥರ ನೋಡ್ತೀನಿ" ಎಂದು ನಿಮ್ಮಲ್ಲಿ ಹಲವರು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿರಬಹುದು. ಮನಃಪೂರ್ವಕವಾಗಿಯೇ ಹೇಳುತ್ತೀರಿ. ಆದರೆ 1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಸ್ಮಿತ್ ಮತ್ತು ಸ್ಮಾಲ್ ಮಕ್ಕಳ ಬೇಸ್‌ಬಾಲ್ ಕೋಚ್‌ಗಳ ಪ್ರತಿ ವರ್ತನೆಯನ್ನೂ ಮೈದಾನದ ಬದಿಯಲ್ಲಿ ಕೂತು ಗುರುತು ಹಾಕಿಸಿದಾಗ, ಕೋಚ್‌ಗಳು ತಮ್ಮ ಬಗ್ಗೆ ಹೇಳಿದ್ದಕ್ಕಿಂತ ಮಕ್ಕಳು ಹೇಳಿದ್ದೇ ನಿಜಕ್ಕೆ ಹತ್ತಿರವಿತ್ತು.

ಹಾಗಾಗಿ ನಾಳೆ ಒಬ್ಬ ಸಹಾಯಕರ ಕೈಗೆ ನೋಟ್‌ಬುಕ್ ಕೊಡಿ. ಎಲ್ಲರ ಹೆಸರು ಬರೆದು, ನೀವು ಯಾರ ತಪ್ಪನ್ನು ಬಿಡಿಸಿ ಹೇಳಿದಿರೋ ಆ ಹೆಸರಿನ ಮುಂದೆ ಒಂದು ಗೆರೆ ಎಳೆಯಲಿ. ಅಭ್ಯಾಸ ಮುಗಿದ ಮೇಲೆ ಗೆರೆಯೇ ಇಲ್ಲದ ಹೆಸರುಗಳನ್ನು ಓದಿಕೊಳ್ಳಿ. ನಾಡಿದ್ದು ಬೆಳಿಗ್ಗೆ ಮೊದಲ ಹತ್ತು ನಿಮಿಷ ಆ ಮಕ್ಕಳಿಗೆ.