ಟೈರ್: ನಡುಗಡ್ಡೆಯಾಗಿದ್ದ ಊರು

ಕೇಳುಗರೆಲ್ಲರಿಗೂ ನಮಸ್ಕಾರ.

ಲೆಬನಾನಿನ ಕಡಲತೀರದಲ್ಲಿ ಟೈರ್ ಅಂತ ಒಂದು ಹಳೇ ಊರಿದೆ. ಈಗ ರಸ್ತೆಯಲ್ಲೇ ಹೋಗಿ ಊರೊಳಗೆ ಇಳಿಯಬಹುದು. ಕ್ರಿ.ಪೂ. 332ಕ್ಕೆ ಮೊದಲು ದೋಣಿಯೇ ಗತಿ. ದಡದಿಂದ ಸುಮಾರು ಮುಕ್ಕಾಲು ಕಿಲೋಮೀಟರ್ ಆಚೆಗಿದ್ದ ನಡುಗಡ್ಡೆ ಅದು.

ಕುಡಿಯುವ ನೀರೂ ದೋಣಿಯಲ್ಲೇ ಬರುತ್ತಿತ್ತು. ಕ್ರಿ.ಪೂ. 13ನೇ ಶತಮಾನದ ಈಜಿಪ್ಟಿನ ಒಂದು ಬರಹ ಇದನ್ನು ಹೇಳಿ, ಅಲ್ಲಿ ಮರಳಿಗಿಂತ ಮೀನೇ ಜಾಸ್ತಿ ಅಂತಲೂ ಸೇರಿಸುತ್ತದೆ. ನೀರಿಗೇ ಪರದಾಡುವ ಊರು ಶ್ರೀಮಂತವಾದದ್ದು ಹೇಗೆ? ಹಡಗಿನ ವ್ಯಾಪಾರ ಇದ್ದೇ ಇತ್ತು. ಅದರ ಜೊತೆಗೆ ಮ್ಯೂರೆಕ್ಸ್ ಎಂಬ ಸಮುದ್ರದ ಬಸವನಹುಳು.

ಚಿಪ್ಪು ಒಡೆದು ಒಳಗಿನ ಸಣ್ಣ ಗ್ರಂಥಿಯನ್ನು ತೆಗೆಯಬೇಕು. ಉಪ್ಪು ಬೆರೆಸಿ ಮೂರು ದಿನ ಇಡಬೇಕು. ಆಮೇಲೆ ಹದವಾದ ಶಾಖದಲ್ಲಿ ದಿನಗಟ್ಟಲೆ ಕಾಯಿಸಬೇಕು. ರೋಮಿನ ಪ್ಲಿನಿ ಬರೆದಿಟ್ಟ ಕ್ರಮ ಇದು. ಅದರಲ್ಲಿ ಉಣ್ಣೆ ಅದ್ದಿದರೆ ಕೆನ್ನೇರಳೆ ಬಣ್ಣ. 1909ರಲ್ಲಿ ಫ್ರೀಡ್‌ಲೆಂಡರ್ ಎಂಬ ರಸಾಯನಶಾಸ್ತ್ರಜ್ಞ 12,000 ಹುಳುಗಳಿಂದ ಈ ಬಣ್ಣ ತೆಗೆದ. ಕೈಗೆ ಬಂದದ್ದು 1.4 ಗ್ರಾಂ! ರಾಜರು, ಸಿರಿವಂತರು ಮಾತ್ರ ಉಡಬಹುದಾದ ಬಟ್ಟೆ ಅಂತ ಬೇರೆ ಹೇಳಬೇಕಾ? ಬಟ್ಟೆ ರಾಜರಿಗೆ, ನಾತ ಊರಿನವರಿಗೆ. ಈ ಬಣ್ಣದ ಕೆಲಸದಿಂದ ಟೈರ್‌ನಲ್ಲಿ ವಾಸ ಮಾಡೋದೇ ಕಷ್ಟ, ಆದರೆ ದುಡ್ಡು ಬರೋದೂ ಅದರಿಂದಲೇ ಅಂತ ಹಳೇ ಗ್ರೀಕ್ ಭೂಗೋಳಜ್ಞ ಸ್ಟ್ರಾಬೋ ಬರೆದಿದ್ದಾನೆ.

ಈ ಊರಿನವರೇ ಆಫ್ರಿಕಾದ ಉತ್ತರ ತೀರಕ್ಕೆ ಹೋಗಿ ಕಾರ್ಥೇಜ್ ಎಂಬ ಊರು ಕಟ್ಟಿದರು. ಬ್ಯಾಬಿಲೋನಿನ ದೊರೆ ನೆಬುಕಡ್ನೆಜರ್ 13 ವರ್ಷ ಮುತ್ತಿಗೆ ಹಾಕಿದರೂ ಊರೊಳಗೆ ನುಗ್ಗಲಾಗಲಿಲ್ಲ. ಸಮುದ್ರವೇ ಕೋಟೆ.

ಆಮೇಲೆ ಅಲೆಕ್ಸಾಂಡರ್ ಬಂದ. ನಿಮ್ಮ ಗುಡಿಯಲ್ಲಿ ಮೆಲ್ಕಾರ್ಟ್ ದೇವರಿಗೆ ಬಲಿ ಕೊಡಬೇಕು ಅಂದ. ಹೊರಗಿನವರನ್ನು ಬಿಟ್ಟುಕೊಳ್ಳೋದಿಲ್ಲ, ದಡದ ಹಳೇ ಊರಲ್ಲೂ ಗುಡಿ ಇದೆ, ಅಲ್ಲೇ ಕೊಡಿ ಅಂದರು ಇವರು. ಅವನು ಆ ಹಳೇ ಊರನ್ನೇ ಕೆಡವಿಸಿ, ಅದರ ಕಲ್ಲುಗಳನ್ನು ಸಮುದ್ರಕ್ಕೆ ಸುರಿಸಿ ಒಡ್ಡು ಹಾಕಿಸಿದ. ಟೈರ್‌ನವರೂ ಸುಮ್ನೆ ಕೂರಲಿಲ್ಲ. ಹಳೇ ಹಡಗಿಗೆ ಕಟ್ಟಿಗೆ, ಗಂಧಕ ತುಂಬಿ, ಬೆಂಕಿ ಹಚ್ಚಿ, ಒಡ್ಡಿನ ತುದಿಯ ಮರದ ಗೋಪುರಗಳಿಗೆ ನುಗ್ಗಿಸಿದರು. ಗೋಡೆ ಮೇಲಿಂದ ಕಾದ ಮರಳು ಸುರಿದರು. ಮರಳು ಕವಚದ ಸಂದಿಗೆ ಇಳಿದರೆ ಸೈನಿಕ ಏನು ಮಾಡಿಯಾನು? ಕೊನೆಗೆ ಸೈಪ್ರಸ್ ಮತ್ತು ಟೈರ್‌ನವರದೇ ಜನಾಂಗವಾದ ಫಿನೀಷಿಯನ್ನರ ನೆರೆಯ ಊರುಗಳ ಹಡಗುಗಳು ಅಲೆಕ್ಸಾಂಡರನ ಕಡೆ ಸೇರಿದವು. ಏಳನೇ ತಿಂಗಳಿಗೆ ಟೈರ್ ಬಿತ್ತು. 30,000 ಜನರನ್ನು ಗುಲಾಮರಾಗಿ ಮಾರಿದರು ಅಂತ ಹಳೇ ಇತಿಹಾಸಕಾರ ಏರಿಯನ್ ಬರೆಯುತ್ತಾನೆ. ಈ ಲೆಕ್ಕ ಓದಿದ ಮೇಲೆ ಅಲೆಕ್ಸಾಂಡರನನ್ನು ಮಹಾನ್ ಅನ್ನೋಕೆ ನನಗೆ ಬಾಯಿ ಬರೋದಿಲ್ಲ.

ಅದೇ ಒಡ್ಡು ಮುಂದೆ ಬೇರೆಯವರಿಗೆ ಅನುಕೂಲವಾಯಿತು. 1124ರಲ್ಲಿ ಊರು ಕ್ರುಸೇಡರ್‌ಗಳ, ಅಂದರೆ ಯುರೋಪಿನಿಂದ ಬಂದ ಕ್ರೈಸ್ತ ಧರ್ಮಯೋಧರ, ಕೈ ಸೇರಿತ್ತು. 1187ರಲ್ಲಿ ಈಜಿಪ್ಟ್ ಮತ್ತು ಸಿರಿಯಾದ ಸುಲ್ತಾನ ಸಲಾದಿನ್ ದಂಡೆತ್ತಿ ಬಂದಾಗ ನೆಲದ ಕಡೆಯಿಂದ ಇದ್ದದ್ದು ಆ ಇಕ್ಕಟ್ಟು ದಾರಿ ಒಂದೇ. ಅದನ್ನು ಕಾಯ್ದುಕೊಂಡೇ ಅವರು ಊರು ಉಳಿಸಿಕೊಂಡರು. 1291ರಲ್ಲಿ ದಕ್ಷಿಣಕ್ಕಿದ್ದ ಕ್ರುಸೇಡರ್‌ಗಳ ಕೋಟೆ ಊರು ಏಕರ್ ಬಿದ್ದ ಸುದ್ದಿ ಬಂದದ್ದೇ ತಡ, ಕಾದಾಡದೆ ಹಡಗು ಹತ್ತಿ ಹೋದರು. ಟೈರ್ ಈಜಿಪ್ಟ್ ಆಳುತ್ತಿದ್ದ ಮಾಮ್ಲೂಕ್ ಸುಲ್ತಾನರ ಪಾಲಾಯಿತು.

ಒಡ್ಡಿನ ಎರಡೂ ಬದಿಗೆ ಅಲೆಗಳು ಮರಳು ತಂದು ಸುರಿಯುತ್ತಲೇ ಹೋದವು. ನಡುಗಡ್ಡೆ ದಡಕ್ಕೆ ಶಾಶ್ವತವಾಗಿ ಅಂಟಿಕೊಂಡಿತು. 1984ರಿಂದ ಟೈರ್ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ರೋಮನ್ನರ ರಥದ ಓಟದ ಮೈದಾನ, ಕಂಬಸಾಲು ಎಲ್ಲ ನೋಡಬಹುದು. ಅಲೆಕ್ಸಾಂಡರನ ಒಡ್ಡು ಮಾತ್ರ ಕಾಣೋದಿಲ್ಲ. ಅದರ ಮೇಲೆ ಮರಳು, ಮರಳಿನ ಮೇಲೆ ಜನರ ಮನೆ, ಅಂಗಡಿ, ಬೀದಿ.

ನಮಸ್ಕಾರ.